ಮನೆಯ ಕಡತಗಳಿಗೆ ನಂಬುಗೆಯ ನೆಲೆ: ಸಂಗ್ರಹ ಡ್ರೈವುಗಳ ಆಯ್ಕೆಯ ವಿಚಾರ

ಹತ್ತನೆಯ ಶತಮಾನದ ಕವಿ ಪೊನ್ನನ ಕೃತಿಗಳಲ್ಲಿ ಎರಡರ ಗತಿಯನ್ನು ಕನ್ನಡ ಸಾಹಿತ್ಯದ ಅಭ್ಯಾಸಿಗಳೆಲ್ಲರೂ ಬಲ್ಲರು. ಅವನ ‘ಶಾಂತಿಪುರಾಣ’ವು ಇಂದಿಗೂ ನಮಗೆ ಓದಲು ದೊರೆಯುತ್ತದೆ, ‘ಭುವನೈಕ ರಾಮಾಭ್ಯುದಯ’ವು ದೊರೆಯದು. ಮೊದಲನೆಯ ಕೃತಿಯ ಸಾವಿರ ಪ್ರತಿಗಳನ್ನು ದಾನಚಿಂತಾಮಣಿ ಅತ್ತಿಮಬ್ಬೆಯು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಎರಡನೆಯದಕ್ಕೆ ಅಂಥ ಭಾಗ್ಯವು ಒದಗಿದಂತೆ ತೋರುವುದಿಲ್ಲ. ಆಕೆಯ ಆಶ್ರಯವನ್ನು ಪಡೆದ ರನ್ನನ ಕೃತಿಗಳಲ್ಲಿಯೂ ‘ಪರಶುರಾಮಚರಿತ’, ‘ಚಕ್ರೇಶ್ವರಚರಿತ’ಗಳು ಹೆಸರಾಗಿ ಮಾತ್ರ ಉಳಿದಿವೆ. ಒಂದು ಕೃತಿಯ ಉಳಿವಿಗೂ ಇನ್ನೊಂದರ ಅಳಿವಿಗೂ ಪ್ರತಿಗಳ ಸಂಖ್ಯೆಯೊಂದೇ ಕಾರಣವೆಂದು ಸಾಧಿಸಲು ಬಾರದು. ಆದರೆ ಗ್ರಂಥವನ್ನು ಕಾಪಾಡುವುದು ಓಲೆಯ ಗಟ್ಟಿತನಕ್ಕಿಂತ ಹೆಚ್ಚಾಗಿ ಪ್ರತಿಗಳ ಬಾಹುಳ್ಯವೆಂಬ ನೀತಿಯನ್ನು ಇದರಿಂದ ತೆಗೆದುಕೊಳ್ಳಲು ಅಡ್ಡಿಯಿಲ್ಲ.

ಈ ನೀತಿಯನ್ನು ಇಲ್ಲಿ ನೆನೆಯಲು ಕಾರಣವುಂಟು. ಇಂದು ಪ್ರತಿಯೊಂದು ಮನೆಯೂ ಒಂದು ಚಿಕ್ಕ ಗ್ರಂಥಭಂಡಾರವಾಗಿದೆ. ನಾನು ವಾಸಿಸುತ್ತಿರುವ ಜೆ.ಪಿ. ನಗರದಲ್ಲಿಯೂ, ನೆರೆಯ ಜಯನಗರ, ಬನಶಂಕರಿಗಳಲ್ಲಿಯೂ ನಿವೃತ್ತರಾದ ಅಧ್ಯಾಪಕರ, ಇಂಜಿನಿಯರುಗಳ ಮನೆಗಳು ಹಲವು. ಮಕ್ಕಳು ದೂರದೇಶಗಳಲ್ಲಿದ್ದಾರೆ. ಮದುವೆಯ ಚಿತ್ರಗಳು, ಮೊಮ್ಮಕ್ಕಳ ತೊದಲುನುಡಿ, ಹಿರಿಯರು ಹಾಡಿದ ಹಾಡು, ಮನೆಯ ಕ್ರಯಪತ್ರದ ಛಾಯಾಪ್ರತಿ, ತಾತನ ಕೈಬರಹದ ಕಡತ – ಇವೆಲ್ಲವೂ ಕಂಪ್ಯೂಟರಿನಲ್ಲಿಯೋ, ಮೊಬೈಲಿನಲ್ಲಿಯೋ, ಮೇಜಿನ ಖಾನೆಯಲ್ಲಿರುವ ಅಂಗೈಯಗಲದ ಡ್ರೈವಿನಲ್ಲಿಯೋ ಸೇರಿಕೊಂಡಿರುತ್ತವೆ. ಕಂಪ್ಯೂಟರಿನ ಪರಿಚಯವುಳ್ಳವರನ್ನು ಕಂಡಾಗ ಇಂಥ ಮನೆಯವರು ಕೇಳುವ ಪ್ರಶ್ನೆ ಒಂದೇ: “ಯಾವ ಕಂಪನಿಯ ಡ್ರೈವು ಒಳ್ಳೆಯದು?” ಆ ಪ್ರಶ್ನೆಗೆ ಉತ್ತರವಿದೆ, ಆದರೆ ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಅವನ್ನು ಕ್ರಮವಾಗಿ ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಡ್ರೈವಿನ ಸ್ವರೂಪ

ಹಾರ್ಡ್ ಡಿಸ್ಕ್ ಎಂಬ ಯಂತ್ರವು ಮೊದಲು ಮಾರುಕಟ್ಟೆಗೆ ಬಂದುದು 1956ರಲ್ಲಿ. ಐಬಿಎಂ ಸಂಸ್ಥೆಯು ಸಿದ್ಧಪಡಿಸಿದ ಆ ಯಂತ್ರದಲ್ಲಿ ಎರಡು ಅಡಿ ವ್ಯಾಸದ 50 ತಟ್ಟೆಗಳಿದ್ದವು. ಅವೆಲ್ಲವೂ ಕೂಡಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೆರಡು ಛಾಯಾಚಿತ್ರಗಳಿಗೆ ಅಷ್ಟು ಸ್ಥಳವು ಸಾಲದು. ಗಾತ್ರವು ಕುಗ್ಗಿ ಸಾಮರ್ಥ್ಯವು ಬೆಳೆದಿದ್ದರೂ ಮೂಲತತ್ತ್ವವು ಅದೇ. ಕಾಂತಲೇಪವುಳ್ಳ ತಟ್ಟೆಯು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. ಓದುವ ಬರೆಯುವ ಮೊನೆಯು ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೊಮೀಟರುಗಳ ಅಂತರದಲ್ಲಿ, ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪವು ಆ ಅಂತರದ ಸಾವಿರಾರು ಪಾಲಿನಷ್ಟು. ಇಷ್ಟು ಸೂಕ್ಷ್ಮವಾದ ವ್ಯವಸ್ಥೆಯು ತಿರುಗುತ್ತಿರುವಾಗ ಮೇಜಿನಿಂದ ಬಿದ್ದರೆ ಮೊನೆಯು ತಟ್ಟೆಯನ್ನು ಗೀರುತ್ತದೆ. ಗೀರಿದ ಸ್ಥಳದಲ್ಲಿದ್ದುದು ಮರಳಿ ಬಾರದು.

ನಮ್ಮ ಬಡಾವಣೆಯ ಒಂದು ಮನೆಯಲ್ಲಿ ಇಂಥದೇ ಸಂಭವಿಸಿತು. ಮನೆಯ ಹಿರಿಯಾಕೆಯು ಹಾಡಿದ ಸೋಬಾನೆಯ ಪದಗಳನ್ನು ಮಗನು ಹಲವು ವರ್ಷಗಳ ಕಾಲ ಧ್ವನಿಮುದ್ರಿಸಿ ಒಂದು ಡ್ರೈವಿನಲ್ಲಿ ಇರಿಸಿದ್ದನು. ಆಕೆಯು ತೀರಿಕೊಂಡ ಮೇಲೆ ಒಂದು ದಿನ ಯಾರದೋ ಕಾಲಿಗೆ ತಂತಿಯು ತೊಡರಿ ಡ್ರೈವು ನೆಲಕ್ಕೆ ಬಿದ್ದಿತು. ದುರಸ್ತಿಗಾರರು ಡ್ರೈವಿನ ಬೆಲೆಯ ಹಲವು ಪಟ್ಟು ಹಣವನ್ನು ಪಡೆದು, ಹಾಡುಗಳಲ್ಲಿ ಕೆಲವನ್ನು ಮಾತ್ರ ಹೊರತೆಗೆದುಕೊಟ್ಟರು. ಆ ಡ್ರೈವು ಕಳಪೆಯದಾಗಿರಲಿಲ್ಲ. ಹೆಸರಾಂತ ಕಂಪನಿಯದೇ ಆಗಿತ್ತು. ಕೊರತೆಯಿದ್ದುದು ಎರಡನೆಯ ಪ್ರತಿಯದು.

ಎರಡನೆಯ ಜಾತಿಯ ಡ್ರೈವು ಎಸ್‌ಎಸ್‌ಡಿ. ಇದರಲ್ಲಿ ತಿರುಗುವ ಭಾಗಗಳಿಲ್ಲ. ಸೂಕ್ಷ್ಮಕೋಶಗಳಲ್ಲಿ ವಿದ್ಯುತ್ಕಣಗಳನ್ನು ಕೂಡಿಟ್ಟು ಬರೆಹವನ್ನು ಹಿಡಿದಿಡುತ್ತದೆ. ಬಿದ್ದರೂ ಬಹುಮಟ್ಟಿಗೆ ಬಾಧೆಯಿಲ್ಲ, ವೇಗವು ಅಧಿಕ. ಆದರೆ ಸಾಮರ್ಥ್ಯಕ್ಕೆ ಹೋಲಿಸಿದರೆ ಬೆಲೆಯು ಹೆಚ್ಚು. ಮತ್ತೊಂದು ಗುಣವನ್ನೂ ಅರಿತಿರಬೇಕು. ವಿದ್ಯುತ್ತಿನ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಇರಿಸಿದರೆ ಕೋಶಗಳಲ್ಲಿರುವ ಶಕ್ತಿಯು ಮೆಲ್ಲಮೆಲ್ಲನೆ ಸೋರಿಹೋಗುವ ಸಂಭವವುಂಟು. ಬಹಳವಾಗಿ ಬರೆದು ಸವೆದ ಎಸ್‌ಎಸ್‌ಡಿಗಳಲ್ಲಿ ಇದು ಇನ್ನೂ ಬೇಗ. ಆದುದರಿಂದ ದಿನಬಳಕೆಗೆ ಎಸ್‌ಎಸ್‌ಡಿಯೂ, ಕಪಾಟಿನಲ್ಲಿ ಇರಿಸುವ ಪ್ರತಿಗೆ ಹಾರ್ಡ್ ಡಿಸ್ಕೂ ಯೋಗ್ಯವೆಂದು ಸ್ಥೂಲವಾಗಿ ಹೇಳಬಹುದು.

ನಂಬುಗೆಯ ಲೆಕ್ಕ

ಡ್ರೈವುಗಳು ಎಷ್ಟರಮಟ್ಟಿಗೆ ನಂಬಲರ್ಹ? ಪೆಟ್ಟಿಗೆಯ ಮೇಲೆ ಹತ್ತು ಲಕ್ಷ ಗಂಟೆಗಳ ಸರಾಸರಿ ಆಯುಷ್ಯವೆಂದು ಅಚ್ಚುಮಾಡಿರುವುದುಂಟು. ಹತ್ತು ಲಕ್ಷ ಗಂಟೆಗಳೆಂದರೆ 114 ವರ್ಷಗಳು. ಒಂದು ಡ್ರೈವು ಅಷ್ಟು ಕಾಲ ಬಾಳುವುದೆಂದು ಇದರ ಅರ್ಥವಲ್ಲ. ಬಹುಸಂಖ್ಯೆಯ ಡ್ರೈವುಗಳನ್ನು ಏಕಕಾಲದಲ್ಲಿ ಓಡಿಸಿ ತೆಗೆದ ಗಣಿತವಿದು. ಇದಕ್ಕಿಂತ ಪ್ರಯೋಜನಕರವಾದ ಮಾಹಿತಿಯನ್ನು ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಸಂಸ್ಥೆಯು 2013ರಿಂದ ಪ್ರಕಟಿಸುತ್ತ ಬಂದಿದೆ. ಲಕ್ಷಾಂತರ ಡ್ರೈವುಗಳನ್ನು ಹಗಲಿರುಳು ನಡೆಯಿಸುವ ಆ ಸಂಸ್ಥೆಯಲ್ಲಿ 2024ನೆಯ ವರ್ಷದಲ್ಲಿ ಕೆಟ್ಟ ಡ್ರೈವುಗಳ ಪ್ರಮಾಣವು ಸುಮಾರು ಶೇಕಡಾ 1.57. ಮಾದರಿಯಿಂದ ಮಾದರಿಗೆ ಈ ಪ್ರಮಾಣದಲ್ಲಿ ಏರಿಳಿತವುಂಟು. ಒಂದೇ ಕಂಪನಿಯ ಒಂದು ಮಾದರಿಯು ಉತ್ತಮವಾಗಿಯೂ ಮತ್ತೊಂದು ಸಾಧಾರಣವಾಗಿಯೂ ಇರುವುದು ಆ ಪಟ್ಟಿಗಳಿಂದ ಕಂಡುಬರುತ್ತದೆ.

ಈ ಅಂಕಿಯನ್ನು ಮನೆಗೆ ಅನ್ವಯಿಸಿ ನೋಡೋಣ. ವರ್ಷಕ್ಕೆ ಶೇಕಡಾ ಒಂದೂವರೆಯಂತೆ ನಾಲ್ಕು ಡ್ರೈವುಗಳನ್ನು ಐದು ವರ್ಷ ಬಳಸುವ ನಾಲ್ಕು ಮನೆಗಳಿದ್ದರೆ, ಅವುಗಳಲ್ಲಿ ಒಂದು ಮನೆಯವರಾದರೂ ಡ್ರೈವು ಕೆಡುವುದನ್ನು ಕಾಣುವರೆಂಬುದು ಸರಾಸರಿ ಲೆಕ್ಕ. ಈಗ ಎರಡು ಮಾರ್ಗಗಳನ್ನು ಹೋಲಿಸಿರಿ. ಹೆಚ್ಚು ಹಣವನ್ನು ತೆತ್ತು ಇದರ ಎರಡರಷ್ಟು ನಂಬುಗೆಯ ಡ್ರೈವನ್ನು ತಂದರೆ ವರ್ಷದ ಅಪಾಯವು ಹತ್ತು ಸಾವಿರಕ್ಕೆ 150ರಿಂದ 75ಕ್ಕೆ ಇಳಿಯುತ್ತದೆ. ಅದರ ಬದಲು ಸಾಧಾರಣವಾದ ಎರಡು ಡ್ರೈವುಗಳಲ್ಲಿ ಎರಡು ಪ್ರತಿಗಳನ್ನು ಇರಿಸಿದರೆ, ಎರಡೂ ಒಂದೇ ವರ್ಷದಲ್ಲಿ ಕೆಡುವ ಸಂಭವವು ಹತ್ತು ಸಾವಿರಕ್ಕೆ ಎರಡು ಮೂರಕ್ಕೆ ಇಳಿಯುತ್ತದೆ. ಉತ್ತಮವಾದ ಒಂದಕ್ಕಿಂತ ಸಾಧಾರಣವಾದ ಎರಡು ಮೇಲೆಂಬುದು ಇದರಿಂದ ಸಿದ್ಧವಾಯಿತು. ಆದರೆ ಒಂದು ಷರತ್ತುಂಟು: ಎರಡಕ್ಕೂ ಒಂದೇ ಕೇಡು ತಟ್ಟಬಾರದು. ಒಂದೇ ದಿನ ಒಂದೇ ಪೆಟ್ಟಿಗೆಯಿಂದ ತೆಗೆದುಕೊಂಡ, ಒಂದೇ ವಿದ್ಯುತ್ ಗೂಡಿಗೆ ಸಿಕ್ಕಿಸಿದ, ಒಂದೇ ಕಪಾಟಿನಲ್ಲಿಟ್ಟ ಎರಡು ಡ್ರೈವುಗಳಿಗೆ ಈ ಲೆಕ್ಕವು ಹೊಂದುವುದಿಲ್ಲ.

ಎಷ್ಟು ಸಾಮರ್ಥ್ಯ ಬೇಕು

ಮೊಬೈಲಿನ ಚಿತ್ರವೊಂದಕ್ಕೆ ಸರಾಸರಿ 4 ಮೆಗಾಬೈಟ್ ಎಂದಿಟ್ಟುಕೊಂಡರೆ ಹತ್ತು ಸಾವಿರ ಚಿತ್ರಗಳಿಗೆ 40 ಗಿಗಾಬೈಟ್ ಸಾಕು. ಸಂಕ್ಷೇಪಿಸಿದ ಧ್ವನಿಮುದ್ರಣಕ್ಕೆ ಗಂಟೆಯೊಂದಕ್ಕೆ ಸುಮಾರು 60 ಮೆಗಾಬೈಟ್. ಸಂಕ್ಷೇಪಿಸದೆ ಮೂಲಶುದ್ಧಿಯಲ್ಲಿ ಇರಿಸಿದರೆ ಸುಮಾರು 635 ಮೆಗಾಬೈಟ್. ಹಳೆಯ ಕಡತದ ಒಂದು ಪುಟವನ್ನು ಇಂಚಿಗೆ 300 ಬಿಂದುಗಳಂತೆ ವರ್ಣದಲ್ಲಿ ಸ್ಕ್ಯಾನ್ ಮಾಡಿ ಸಂಕ್ಷೇಪಿಸದೆ ಇಟ್ಟರೆ 26 ಮೆಗಾಬೈಟ್. ಸ್ಥಳವನ್ನು ನುಂಗುವುದು ಚಲಚ್ಚಿತ್ರ: ಇಂದಿನ ಮೊಬೈಲುಗಳ ಉನ್ನತ ಗುಣಮಟ್ಟದಲ್ಲಿ ಒಂದು ಗಂಟೆಗೆ 10ರಿಂದ 20 ಗಿಗಾಬೈಟುಗಳು ಬೇಕಾದಾವು. ಸಾಮಾನ್ಯ ಕುಟುಂಬಕ್ಕೆ 2 ಟೆರಾಬೈಟ್ ಸಾಕಾಗುತ್ತದೆ. ವಿಡಿಯೊ ಹೆಚ್ಚಾಗಿರುವವರಿಗೆ 4 ಟೆರಾಬೈಟ್. ಈಗಿರುವ ಸಂಗ್ರಹದ ಎರಡರಷ್ಟನ್ನು ಕೊಳ್ಳುವುದು ಮರ್ಯಾದೆಯಾದ ಅಳತೆ.

ಒಂದು ಟೆರಾಬೈಟಿನ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸಿದಾಗ 931 ಎಂದು ಕಾಣುವುದರಿಂದ ಅಂಗಡಿಯವನು ಮೋಸಮಾಡಿದನೆಂದು ಭಾವಿಸುವವರುಂಟು. ಅದು ಮೋಸವಲ್ಲ. ತಯಾರಕರು ಸಾವಿರದ ಗುಣಕದಲ್ಲಿ ಎಣಿಸುತ್ತಾರೆ. ವಿಂಡೋಸ್ 1,024ರ ಗುಣಕದಲ್ಲಿ ಎಣಿಸುತ್ತದೆ. ಹಳೆಯ ಸೇರು, ಹೊಸ ಲೀಟರುಗಳ ವ್ಯತ್ಯಾಸದಂತೆ ಇದು ಅಳತೆಯ ವ್ಯತ್ಯಾಸವೇ ಹೊರತು ವಸ್ತುವಿನದಲ್ಲ.

ನಿಜವಾದ ಮೋಸವು ಬೇರೆಯುಂಟು. ಕೆಲವೇ ನೂರು ಅಥವಾ ಒಂದೆರಡು ಸಾವಿರ ರೂಪಾಯಿಗಳಿಗೆ 16 ಟೆರಾಬೈಟಿನ ಎಸ್‌ಎಸ್‌ಡಿಯೆಂದು ಮಾರಲ್ಪಡುವ ವಸ್ತುಗಳ ಒಳಗೆ ಅಲ್ಪಸಾಮರ್ಥ್ಯದ ಒಂದು ಚೂರು ಮಾತ್ರವಿರುತ್ತದೆ. ಅದು ಕಂಪ್ಯೂಟರಿಗೆ ಸುಳ್ಳು ಅಳತೆಯನ್ನು ಹೇಳುತ್ತದೆ. ತುಂಬಿದ ಮೇಲೆ ಬರೆದುದು ನಷ್ಟವಾಗುತ್ತದೆ. ಕಡತಗಳ ಹೆಸರುಗಳು ಕಾಣುತ್ತವೆ, ತೆರೆದರೆ ಒಳಗೆ ಏನೂ ಇರುವುದಿಲ್ಲ. ಡ್ರೈವನ್ನು ಪೂರ್ತಿಯಾಗಿ ತುಂಬಿ ಮರಳಿ ಓದಿ ತಾಳೆನೋಡುವ ಉಚಿತ ತಂತ್ರಾಂಶಗಳಿಂದ ಈ ವಂಚನೆಯನ್ನು ಹಿಡಿಯಬಹುದು.

ಆಯ್ಕೆಯ ಲಕ್ಷಣಗಳು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಂದು ಕಾಲದಲ್ಲಿ ಹತ್ತಾರು ಕಂಪನಿಗಳು ಹಾರ್ಡ್ ಡಿಸ್ಕುಗಳನ್ನು ತಯಾರಿಸುತ್ತಿದ್ದವು. ಸ್ಯಾಮ್‌ಸಂಗ್ ಸಂಸ್ಥೆಯ ಆ ವಿಭಾಗವನ್ನು ಸೀಗೇಟ್ 2011ರಲ್ಲಿಯೂ, ಹಿಟಾಚಿಯ ವಿಭಾಗವನ್ನು ವೆಸ್ಟರ್ನ್ ಡಿಜಿಟಲ್ 2012ರಲ್ಲಿಯೂ ಕೊಂಡ ತರುವಾಯ ಜಗತ್ತಿನಲ್ಲಿ ಉಳಿದಿರುವ ತಯಾರಕರು ಮೂವರು: ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೋಷಿಬಾ. ಹೊರಕವಚದ ಮೇಲೆ ಬೇರೆ ಹೆಸರಿದ್ದರೂ ಒಳಗಿನ ಹಾರ್ಡ್ ಡಿಸ್ಕು ಈ ಮೂವರಲ್ಲಿ ಒಬ್ಬರದೇ. ಆದುದರಿಂದ ಕಂಪನಿಯ ಹೆಸರಿಗಿಂತ ಮಾದರಿಯ ವರ್ಗವನ್ನು ನೋಡುವುದು ಮುಖ್ಯ.

ಮೊದಲನೆಯದಾಗಿ, ಬರೆಹದ ಕ್ರಮ. ಸಿಎಂಆರ್ ಎಂಬ ಕ್ರಮದಲ್ಲಿ ತಟ್ಟೆಯ ಮೇಲಿನ ಬರೆಹದ ಸಾಲುಗಳು ಬಿಡಿಬಿಡಿಯಾಗಿರುತ್ತವೆ. ಎಸ್‌ಎಂಆರ್ ಕ್ರಮದಲ್ಲಿ ಮಾಡಿಗೆ ಹೊದಿಸಿದ ಹೆಂಚುಗಳಂತೆ ಒಂದು ಸಾಲು ಇನ್ನೊಂದರ ಅಂಚನ್ನು ಮುಚ್ಚಿಕೊಂಡಿರುತ್ತದೆ. ನಡುವಣ ಒಂದು ಹೆಂಚನ್ನು ಬದಲಿಸಬೇಕಾದರೆ ಅದರ ಮೇಲೆ ಹೊದ್ದಿರುವುದನ್ನೆಲ್ಲ ಕದಲಿಸಬೇಕು. ಹಾಗೆಯೇ ಇಲ್ಲಿ ಒಂದನ್ನು ತಿದ್ದಲು ಮುಂದಿನ ಹಲವು ಸಾಲುಗಳನ್ನು ಮತ್ತೆ ಬರೆಯಬೇಕಾಗುತ್ತದೆ. ಒಮ್ಮೆ ಬರೆದು ಕಪಾಟಿನಲ್ಲಿಡುವ ಪ್ರತಿಗೆ ಎಸ್‌ಎಂಆರ್ ಸಾಕು. ಜಾಲದ ಪೆಟ್ಟಿಗೆಯೊಳಗೆ ಸದಾ ದುಡಿಯುವ ಡ್ರೈವಿಗೆ ಸಿಎಂಆರ್ ಬೇಕು. 2020ರ ಏಪ್ರಿಲಿನಲ್ಲಿ ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ‘ರೆಡ್’ ಎಂಬ ಜಾಲವರ್ಗದ ಕೆಲವು ಡ್ರೈವುಗಳಲ್ಲಿ ಎಸ್‌ಎಂಆರ್ ಇರುವುದನ್ನು ಹೇಳದೆ ಮಾರಿದ ವಿಷಯವು ಬಯಲಾಗಿ ಬಳಕೆದಾರರು ಆಕ್ಷೇಪಿಸಿದರು. ಬಳಿಕ ಸಂಸ್ಥೆಯು ಸಿಎಂಆರ್ ಡ್ರೈವುಗಳನ್ನು ‘ರೆಡ್ ಪ್ಲಸ್’ ಎಂದು ಬೇರ್ಪಡಿಸಿ ಹೆಸರಿಸಿತು. ಮಾದರಿಯ ಸಂಖ್ಯೆಯನ್ನು ಬರೆದುಕೊಂಡು ತಯಾರಕರ ವಿವರಪತ್ರದಲ್ಲಿ ನೋಡಿ ಕೊಳ್ಳುವುದು ಲೇಸು.

ಎರಡನೆಯದಾಗಿ, ಖಾತರಿಯ ಅವಧಿ. ಜಾಲವರ್ಗದ ಡ್ರೈವುಗಳಿಗೆ ಸಾಮಾನ್ಯವಾಗಿ ಮೂರು ವರ್ಷ, ಅದರ ಮೇಲಿನ ‘ಪ್ರೊ’ ವರ್ಗಕ್ಕೆ ಐದು ವರ್ಷ. ಖಾತರಿಯು ಡ್ರೈವಿಗೇ ಹೊರತು ಅದರೊಳಗಿನ ಬರೆಹಕ್ಕಲ್ಲವೆಂಬುದನ್ನು ಮರೆಯಬಾರದು. ಕೆಟ್ಟ ಡ್ರೈವಿಗೆ ಬದಲಾಗಿ ಹೊಸದನ್ನು ಕೊಡುವರು. ಹೋದ ಹಾಡನ್ನು ಕೊಡಲಾರರು.

ಮೂರನೆಯದಾಗಿ, ವಸ್ತುವಿನ ಅಸಲುತನ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಸಾಮಾನುಗಳಿಗೆ ಹೆಸರಾದುದು ಸಾದರ ಪತ್ರಪ್ಪ ರಸ್ತೆ, ಅಂದರೆ ಎಲ್ಲರೂ ಕರೆಯುವ ಎಸ್.ಪಿ. ರೋಡು. ಅಲ್ಲಿಯಾಗಲಿ, ನಮ್ಮ ಬಡಾವಣೆಯ ಅಂಗಡಿಯಲ್ಲಾಗಲಿ, ಮನೆಗೆ ತಂದುಕೊಡುವ ಆನ್‌ಲೈನ್ ವ್ಯಾಪಾರಿಯಲ್ಲಾಗಲಿ, ಜಿಎಸ್‌ಟಿ ರಸೀದಿಯಿಲ್ಲದೆ ಕೊಳ್ಳಬಾರದು. ರಸೀದಿಯಲ್ಲಿ ಡ್ರೈವಿನ ಕ್ರಮಸಂಖ್ಯೆಯನ್ನು ಬರೆಯಿಸಿಕೊಂಡು, ತಯಾರಕರ ಜಾಲತಾಣದಲ್ಲಿ ಭಾರತದಲ್ಲಿ ಖಾತರಿಯುಂಟೇ ಎಂದು ನೋಡಬೇಕು. ಬಳಸಿದ ಡ್ರೈವುಗಳನ್ನು ಹೊಸವೆಂದು ಮಾರುವ ಪ್ರಕರಣಗಳೂ ಉಂಟು. 2025ರ ಆರಂಭದಲ್ಲಿ ಯೂರೋಪಿನಲ್ಲಿ ಸಾವಿರಾರು ಗಂಟೆ ದುಡಿದ ಸೀಗೇಟ್ ಡ್ರೈವುಗಳ ಎಣಿಕೆಯನ್ನು ಅಳಿಸಿ ಯಾರೋ ಹೊಸವೆಂದು ಮಾರಿದುದು ಬೆಳಕಿಗೆ ಬಂದಿತು.

ನಾಲ್ಕನೆಯದಾಗಿ, ಮೊದಲ ತಿಂಗಳ ಪರೀಕ್ಷೆ. ಯಂತ್ರಗಳಿಗೂ ಬಾಲಗ್ರಹವುಂಟು. ತಯಾರಿಕೆಯಲ್ಲಿ ದೋಷವಿರುವ ಡ್ರೈವು ಬಹುಮಟ್ಟಿಗೆ ಎಳೆತನದಲ್ಲಿಯೇ ಕೆಡುತ್ತದೆ. ಆದುದರಿಂದ ತಂದ ಕೂಡಲೇ ಅಮೂಲ್ಯವಾದುದನ್ನು ಅದಕ್ಕೆ ಒಪ್ಪಿಸದೆ, ಒಮ್ಮೆ ಪೂರ್ತಿ ತುಂಬಿ ಓದಿ ನೋಡಬೇಕು. ಪ್ರತಿಯೊಂದು ಡ್ರೈವೂ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ‘ಸ್ಮಾರ್ಟ್’ ಎಂಬ ದಿನಚರಿಯನ್ನು ಹೊಂದಿರುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಮುಂತಾದ ಉಚಿತ ತಂತ್ರಾಂಶಗಳಿಂದ ಅದನ್ನು ಓದಬಹುದು. ಅದರಲ್ಲಿ 5, 197, 198 ಎಂಬ ಸಂಖ್ಯೆಯ ಸಾಲುಗಳು ಕೆಟ್ಟುಹೋದ ಅಥವಾ ಕೆಡುತ್ತಿರುವ ಭಾಗಗಳ ಲೆಕ್ಕ. ಅವು ಸೊನ್ನೆಯಾಗಿರಬೇಕು. ಏರತೊಡಗಿದರೆ ತಡಮಾಡದೆ ಬೇರೊಂದು ಡ್ರೈವಿಗೆ ಎಲ್ಲವನ್ನೂ ನಕಲುಮಾಡಬೇಕು. ಆದರೆ ಮುನ್ಸೂಚನೆಯೇ ಇಲ್ಲದೆ ಕೆಡುವ ಡ್ರೈವುಗಳೂ ಬಹಳವಿರುವುದರಿಂದ, ಸೊನ್ನೆಯನ್ನು ಕಂಡು ಮೈಮರೆಯುವುದೂ ಸಲ್ಲದು.

ಎಸ್‌ಎಸ್‌ಡಿಗಳ ವಿಷಯದಲ್ಲಿಯೂ ಪ್ರಖ್ಯಾತಿಯೊಂದೇ ಆಧಾರವಲ್ಲ. 2023ರಲ್ಲಿ ಸ್ಯಾನ್‌ಡಿಸ್ಕ್ ಹೆಸರಿನ ‘ಎಕ್ಸ್‌ಟ್ರೀಮ್’ ಶ್ರೇಣಿಯ ಕೆಲವು ಕೈ ಎಸ್‌ಎಸ್‌ಡಿಗಳು ಇದ್ದಕ್ಕಿದ್ದಂತೆ ಬರೆಹವನ್ನು ಕಳೆದುಕೊಂಡವೆಂದು ಅನೇಕ ಬಳಕೆದಾರರು ದೂರಿದರು. ಸಂಸ್ಥೆಯು ಕೆಲವು ಮಾದರಿಗಳಿಗೆ ಒಳತಂತ್ರಾಂಶದ ತಿದ್ದುಪಡಿಯನ್ನು ಹೊರಡಿಸಿತು.

ನ್ಯಾಸ್ ಪೆಟ್ಟಿಗೆ

ಮನೆಯ ಜಾಲಕ್ಕೆ ಜೋಡಿಸಿ ಎಲ್ಲರ ಮೊಬೈಲು, ಕಂಪ್ಯೂಟರುಗಳಿಂದಲೂ ಬಳಸಬಹುದಾದ ಪೆಟ್ಟಿಗೆಗೆ ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ‘ನ್ಯಾಸ್’ ಎಂಬ ಹೆಸರಾಗಿದೆ. ಸಂಸ್ಕೃತದಲ್ಲಿ ‘ನ್ಯಾಸ’ವೆಂದರೆ ನಂಬಿ ಒಪ್ಪಿಸಿ ಇರಿಸಿದ ವಸ್ತು. ಈ ಧ್ವನಿಸಾಮ್ಯವು ಆಕಸ್ಮಿಕವಾದರೂ ಅರ್ಥವತ್ತಾಗಿದೆ. ಸಿನಾಲಜಿ, ಕ್ಯೂನ್ಯಾಪ್, ಅಸುಸ್ಟರ್ ಮುಂತಾದವು ಇದರ ಪರಿಚಿತ ಹೆಸರುಗಳು. ಎರಡು ಡ್ರೈವುಗಳ ಪೆಟ್ಟಿಗೆಯು ಮನೆಗೆ ಸಾಕು. ಸುಮಾರು 17 ವಾಟ್ ಬಳಸುವ ಪೆಟ್ಟಿಗೆಯು ಹಗಲಿರುಳು ನಡೆದರೆ ತಿಂಗಳಿಗೆ 12 ಯೂನಿಟ್ ವಿದ್ಯುತ್ತು ಬೇಕಾಗುತ್ತದೆ.

ಕೊಳ್ಳುವ ಮುನ್ನ ಯಾವ ಡ್ರೈವುಗಳು ಆ ಪೆಟ್ಟಿಗೆಗೆ ಒಗ್ಗುವವೆಂಬ ಪಟ್ಟಿಯನ್ನು ನೋಡಬೇಕು. 2025ರಲ್ಲಿ ಸಿನಾಲಜಿ ಸಂಸ್ಥೆಯು ಆ ವರ್ಷದ ‘ಪ್ಲಸ್’ ಮಾದರಿಗಳಿಗೆ ತಾನು ಒಪ್ಪಿದ ಡ್ರೈವುಗಳೇ ಆಗಬೇಕೆಂಬ ನಿರ್ಬಂಧವನ್ನು ತಂದು, ಬಳಕೆದಾರರ ವಿರೋಧದ ಬಳಿಕ ಅದೇ ವರ್ಷದ ಅಕ್ಟೋಬರಿನಲ್ಲಿ ಹಾರ್ಡ್ ಡಿಸ್ಕುಗಳ ಮಟ್ಟಿಗೆ ಸಡಿಲಿಸಿತು.

ನ್ಯಾಸ್ ಪೆಟ್ಟಿಗೆಯನ್ನು ಕುರಿತು ಪ್ರಚಲಿತವಾಗಿರುವ ಭ್ರಮೆಯೊಂದನ್ನು ನಿವಾರಿಸಲೇಬೇಕು. 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ವಿದ್ವಾಂಸರು ಹಲವು ಅಗ್ಗದ ಡ್ರೈವುಗಳನ್ನು ಕೂಡಿಸಿ ಬಳಸುವ ‘ರೇಡ್’ ಎಂಬ ಕ್ರಮಗಳನ್ನು ವಿವರಿಸಿದರು. ಅವುಗಳಲ್ಲಿ ಒಂದು ಕನ್ನಡಿಯ ಕ್ರಮ: ಒಂದು ಡ್ರೈವಿನಲ್ಲಿ ಬರೆದುದೆಲ್ಲವೂ ಮತ್ತೊಂದರಲ್ಲಿ ತತ್‌ಕ್ಷಣ ಬರೆಯಲ್ಪಡುತ್ತದೆ. ಒಂದು ಕೆಟ್ಟರೂ ಕೆಲಸವು ನಿಲ್ಲದು. ಆದರೆ ಇದು ಎರಡು ಪ್ರತಿಗಳಲ್ಲ. ಒಂದು ಮುಖ ಮತ್ತು ಅದರ ಬಿಂಬ. ಮುಖಕ್ಕೆ ಮಸಿ ಬಳಿದರೆ ಬಿಂಬಕ್ಕೂ ಮಸಿ. ಮೊಮ್ಮಗನು ಕೈತಪ್ಪಿ ಒಂದು ಕಡತವನ್ನು ಅಳಿಸಿದರೆ ಎರಡರಲ್ಲಿಯೂ ಅಳಿಯುತ್ತದೆ. ಕಳ್ಳನು ಪೆಟ್ಟಿಗೆಯನ್ನೇ ಹೊತ್ತೊಯ್ದರೆ ಎರಡೂ ಹೋಗುತ್ತವೆ. ಕನ್ನಡಿಯ ಕ್ರಮವು ಸೌಕರ್ಯಕ್ಕೆ. ಸಂರಕ್ಷಣೆಗೆ ಬೇರೆ ಪ್ರತಿಯೇ ಬೇಕು.

ಜಾಲಕ್ಕೆ ತೆರೆದ ಬಾಗಿಲು ಕಳ್ಳನಿಗೂ ಬಾಗಿಲು. 2021ರ ಜೂನಿನಲ್ಲಿ ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ‘ಮೈ ಬುಕ್ ಲೈವ್’ ಎಂಬ ಜಾಲಪೆಟ್ಟಿಗೆಗಳನ್ನು ದುಷ್ಕರ್ಮಿಗಳು ಇಂಟರ್ನೆಟ್ಟಿನ ಮೂಲಕ ಹೊಕ್ಕು, ಹಲವು ದೇಶಗಳ ಮನೆಗಳಲ್ಲಿದ್ದ ಕಡತಗಳನ್ನು ರಾತ್ರೋರಾತ್ರಿ ಅಳಿಸಿದರು. ಆ ಮಾದರಿಗೆ ತಿದ್ದುಪಡಿಗಳು ನಿಂತುಹೋಗಿ ಆಗಲೇ ಐದಾರು ವರ್ಷಗಳಾಗಿದ್ದವು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ದುಷ್ಟ ತಂತ್ರಾಂಶವು ಕ್ಯೂನ್ಯಾಪ್ ಪೆಟ್ಟಿಗೆಗಳ ಕಡತಗಳಿಗೆ ಬೀಗವಿಕ್ಕಿ ಹಣವನ್ನು ಕೇಳಿತು. ಆದುದರಿಂದ ಹೊರಗಿನಿಂದ ಬಳಸುವ ಅವಶ್ಯಕತೆಯಿಲ್ಲದಿದ್ದರೆ ಆ ದ್ವಾರವನ್ನು ಮುಚ್ಚಿಡಬೇಕು. ಕಾಲಕಾಲದ ತಿದ್ದುಪಡಿಗಳನ್ನು ಅಳವಡಿಸಬೇಕು. ತಯಾರಕರು ಕೈಬಿಟ್ಟ ಪೆಟ್ಟಿಗೆಯನ್ನು ಇಂಟರ್ನೆಟ್ಟಿನಿಂದ ಬಿಡಿಸಬೇಕು.

ವಿದ್ಯುತ್ತಿನ ವಿಷಯವೂ ಇದೆ. ಮಳೆಗಾಲದ ಸಂಜೆಗಳಲ್ಲಿ ವಿದ್ಯುತ್ತು ಹೋಗಿ ಬರುವುದು ನಮ್ಮ ಬಡಾವಣೆಗಳಿಗೆ ಹೊಸದಲ್ಲ. ಬರೆಯುತ್ತಿರುವಾಗ ವಿದ್ಯುತ್ತು ನಿಂತರೆ ಕಡತಗಳ ಅನುಕ್ರಮಣಿಕೆಯೇ ಕೆಡುವ ಸಂಭವವುಂಟು. ಚಿಕ್ಕದೊಂದು ಯುಪಿಎಸ್ ಇಟ್ಟು, ವಿದ್ಯುತ್ತು ಹೋದ ಸೂಚನೆಯು ಪೆಟ್ಟಿಗೆಗೆ ತಲಪುವಂತೆ ತಂತಿಯನ್ನು ಜೋಡಿಸಿದರೆ ಪೆಟ್ಟಿಗೆಯು ತಾನಾಗಿ ಕ್ರಮದಿಂದ ನಿಲ್ಲುತ್ತದೆ.

ಮೂರು, ಎರಡು, ಒಂದು

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಎಂಬವರು ಪ್ರಚುರಪಡಿಸಿದ ಸೂತ್ರವೊಂದು ಈಗ ಲೋಕವಿಖ್ಯಾತವಾಗಿದೆ. ಸೂತ್ರವು ಅಲ್ಪಾಕ್ಷರದ್ದು: 3-2-1. ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿಯು ಮನೆಯ ಹೊರಗಿರಲಿ. ಮೊದಲೆರಡು ಪಾದಗಳನ್ನು ಪಾಲಿಸುವವರೂ ಮೂರನೆಯದನ್ನು ಉಪೇಕ್ಷಿಸುವುದುಂಟು. ಅದರ ಮಹತ್ತ್ವವನ್ನು ನಮ್ಮ ದಕ್ಷಿಣ ಬೆಂಗಳೂರೇ ಕಂಡಿದೆ. 2019ರ ನವೆಂಬರ್ 24ರಂದು ಬನ್ನೇರುಘಟ್ಟ ರಸ್ತೆಯ ಬಳಿಯ ಹುಳಿಮಾವು ಕೆರೆಯ ಏರಿಯು ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಅಂಥ ಹೊತ್ತಿನಲ್ಲಿ ನೆಲಮಹಡಿಯ ಕಪಾಟಿನಲ್ಲಿ ಒಂದು ಪ್ರತಿಯಿದ್ದರೇನು, ನಾಲ್ಕಿದ್ದರೇನು?

ಹೊರಗಿನ ಪ್ರತಿಗೆ ಎರಡು ಮಾರ್ಗಗಳಿವೆ. ಒಂದು, ಇಂಟರ್ನೆಟ್ಟಿನ ಸಂಗ್ರಹಸೇವೆ. ಗೂಗಲ್ ಉಚಿತವಾಗಿ ಕೊಡುವುದು 15 ಗಿಗಾಬೈಟ್. ಹೆಚ್ಚಿಗೆ ಬೇಕಾದರೆ ತಿಂಗಳ ಶುಲ್ಕ. ಸೆಕೆಂಡಿಗೆ 40 ಮೆಗಾಬಿಟ್ ಕಳುಹಿಸುವ ಸಂಪರ್ಕದಲ್ಲಿ ಒಂದು ಟೆರಾಬೈಟನ್ನು ಏರಿಸಲು ಸುಮಾರು 56 ಗಂಟೆಗಳು ಬೇಕು. ಒಮ್ಮೆ ಏರಿದ ಮೇಲೆ ಹೊಸದನ್ನು ಮಾತ್ರ ಕಳುಹಿಸಿದರೆ ಸಾಕು. ಇನ್ನೊಂದು, ನಮ್ಮ ಹಿರಿಯರ ಮಾರ್ಗ: ಒಂದು ಡ್ರೈವನ್ನು ತಂಗಿಯ ಮನೆಯಲ್ಲಿಯೋ, ಊರಿನ ಮನೆಯಲ್ಲಿಯೋ, ಬ್ಯಾಂಕಿನ ಲಾಕರಿನಲ್ಲಿಯೋ ಇರಿಸಿ, ಹಬ್ಬಕ್ಕೆ ಹೋದಾಗ ಹೊಸ ಪ್ರತಿಯೊಂದಿಗೆ ಬದಲಿಸಿ ತರುವುದು. ಬೀಗರು ಬೇರೆ ಊರಿನಲ್ಲಿದ್ದರೆ ಇದಕ್ಕಿಂತ ಅಗ್ಗವಾದ ವ್ಯವಸ್ಥೆ ಮತ್ತೊಂದಿಲ್ಲ.

ಹೀಗೆ ಒಂದು ಸಾಮಾನ್ಯ ಕುಟುಂಬಕ್ಕೆ ನಾನು ಸೂಚಿಸುವ ಕ್ರಮವಿದು. ಕಂಪ್ಯೂಟರಿನಲ್ಲಿ ಮೂಲ, 2 ಟೆರಾಬೈಟಿನ ಒಂದು ಕೈ ಡ್ರೈವಿನಲ್ಲಿ ಮನೆಯ ಪ್ರತಿ, ಬೇರೆ ಕಂಪನಿಯ, ಬೇರೆ ದಿನ ಕೊಂಡ ಇನ್ನೊಂದರಲ್ಲಿ ಹೊರಗಿನ ಪ್ರತಿ. ಮನೆಯ ನಾಲ್ಕೈದು ಜನರೂ ಚಿತ್ರಗಳನ್ನು ಒಂದೆಡೆ ಕೂಡಿಡಬೇಕೆಂಬ ಅವಶ್ಯಕತೆಯಿದ್ದರೆ ಮಾತ್ರ ನ್ಯಾಸ್ ಪೆಟ್ಟಿಗೆ. ಅದನ್ನು ಕೊಂಡು ಹೊರಗಿನ ಪ್ರತಿಗೆ ಹಣವಿಲ್ಲದಂತೆ ಮಾಡಿಕೊಳ್ಳುವುದಕ್ಕಿಂತ ಅದಿಲ್ಲದಿರುವುದೇ ಮೇಲು. ಹಾರ್ಡ್ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸುವ ಮುನ್ನ ತೆಗೆಯಲು ಅಪ್ಪಣೆಯನ್ನು ಕೇಳಿಯೇ ಬಿಡಿಸಬೇಕು. ತಟ್ಟೆಯು ತಿರುಗುವುದನ್ನು ನಿಲ್ಲಿಸಿದ ಮೇಲೆ ಎತ್ತಬೇಕು.

ಶಾಲೆ, ಸಂಸ್ಥೆಗಳಿಗೂ ಇದೇ ನಿಯಮ. ತರಗತಿಯ ಹಳೆಯ ಗುಂಪುಚಿತ್ರಗಳು, ದಾಖಲಾತಿಯ ಪುಸ್ತಕಗಳು, ವಾರ್ಷಿಕೋತ್ಸವದ ಭಾಷಣಗಳು ಒಬ್ಬ ಗುಮಾಸ್ತರ ಒಂದು ಡ್ರೈವಿನಲ್ಲಿ ಮಾತ್ರವಿದ್ದರೆ ಅವು ಇದ್ದೂ ಇಲ್ಲದಂತೆ. ಉದಾರಿಗಳಾದ ದಾನಿಗಳು ಇಂಥ ಕಾರ್ಯಕ್ಕೆ ಯಂತ್ರವನ್ನು ಕೊಡಮಾಡುವಾಗ ದೊಡ್ಡದಾದ ಒಂದರ ಬದಲು ಸಾಧಾರಣವಾದ ಮೂರನ್ನು ಕೊಡುವುದು ಯುಕ್ತ. ಅತ್ತಿಮಬ್ಬೆಯ ದಾನದ ಹೆಚ್ಚುಗಾರಿಕೆಯು ಪ್ರತಿಗಳಲ್ಲಿತ್ತೆಂಬುದನ್ನು ಮೇಲೆ ಕಂಡಿದ್ದೇವೆ.

ಉತ್ತರಾಧಿಕಾರ

ಕೊನೆಯದಾಗಿ, ಯಂತ್ರಕ್ಕೆ ಸಂಬಂಧಿಸದ, ಆದರೆ ಯಂತ್ರಕ್ಕಿಂತ ಮುಖ್ಯವಾದ ಒಂದು ಮಾತು. ಡ್ರೈವು ಕಳುವಾದರೆ ಪರರು ಓದಬಾರದೆಂದು ಗುಪ್ತಪದವನ್ನು ಹಾಕುವುದು ಸರಿಯೇ. ಆದರೆ ಮನೆಯ ಯಜಮಾನನೊಬ್ಬನೇ ಆ ಪದವನ್ನು ಬಲ್ಲವನಾಗಿ, ಆತನು ಅಕಸ್ಮಾತ್ತಾಗಿ ತೀರಿಕೊಂಡರೆ, ಉಳಿದವರ ಪಾಲಿಗೆ ಆ ಡ್ರೈವು ಒಂದು ಲೋಹದ ತುಂಡು. ನ್ಯಾಸ್ ಪೆಟ್ಟಿಗೆಯ ಡ್ರೈವುಗಳನ್ನು ಹೊರತೆಗೆದು ಸಾಮಾನ್ಯ ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದರೂ ಬಹುಮಟ್ಟಿಗೆ ಓದಲು ಬಾರದು. ಅವುಗಳ ಬರೆಹದ ವಿನ್ಯಾಸವೇ ಬೇರೆ. ಆದುದರಿಂದ ಎಲ್ಲಿ ಏನಿದೆ, ಹೇಗೆ ತೆರೆಯಬೇಕು ಎಂಬುದನ್ನು ಒಂದು ಹಾಳೆಯ ಮೇಲೆ ಕೈಯಾರೆ ಬರೆದು ಮನೆಯ ಪತ್ರಗಳೊಂದಿಗೆ ಇರಿಸಬೇಕು. ಹೊರಗಿನ ಪ್ರತಿಯೊಂದನ್ನಾದರೂ ಯಾವ ಕಂಪ್ಯೂಟರಿನಲ್ಲಿಯಾದರೂ ತೆರೆಯುವ ಸರಳ ವಿನ್ಯಾಸದಲ್ಲಿ ಇಡಬೇಕು. ಚಿತ್ರದಲ್ಲಿರುವವರು ಯಾರು, ಯಾವ ವರ್ಷ, ಯಾವ ಊರು ಎಂಬುದನ್ನು ಕಡತದ ಹೆಸರಿನಲ್ಲಿಯೇ ಬರೆದಿಡಬೇಕು. ಕಾಲ, ಲಿಪಿಕಾರರನ್ನು ತಿಳಿಸುವ ಪುಷ್ಪಿಕೆಯಿಲ್ಲದ ಓಲೆಯ ಕಟ್ಟು ಸಂಶೋಧಕನನ್ನು ಎಷ್ಟು ಬಳಲಿಸುತ್ತದೆಂಬುದನ್ನು ಈ ಕೆಲಸದಲ್ಲಿ ಕಣ್ಣು ಸವೆಸಿದವರೇ ಬಲ್ಲರು.

ಹಿಂದಿನವರು ಓಲೆಯ ಕಟ್ಟುಗಳನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ, ಧೂಳನ್ನು ಕೊಡವಿ, ಎಣ್ಣೆ ಸವರಿ, ಹುಳು ಹಿಡಿದ ಗರಿಯಿದ್ದರೆ ಹೊಸದರ ಮೇಲೆ ನಕಲು ಮಾಡುತ್ತಿದ್ದರು. ಡ್ರೈವುಗಳಿಗೂ ಅಂಥದೊಂದು ದಿನ ಬೇಕು. ನವರಾತ್ರಿಯಲ್ಲಿ ಪುಸ್ತಕಗಳನ್ನೂ ಆಯುಧಗಳನ್ನೂ ಪೂಜಿಸುವ ಪದ್ಧತಿಯು ನಮ್ಮಲ್ಲಿದೆ. ಅಂದು ಸ್ಕೂಟರಿಗೂ ಕಂಪ್ಯೂಟರಿಗೂ ಹೂವೇರಿಸುವ ಮುನ್ನ ಎಲ್ಲ ಡ್ರೈವುಗಳನ್ನೂ ಒಮ್ಮೆ ಜೋಡಿಸಿರಿ; ಪ್ರತಿಯೊಂದರಿಂದಲೂ ನಾಲ್ಕಾರು ಕಡತಗಳನ್ನು ತೆರೆದು ನೋಡಿರಿ; ದಿನಚರಿಯನ್ನು ಓದಿರಿ; ಐದಾರು ವರ್ಷ ದುಡಿದ ಡ್ರೈವಿಗೆ ವಿಶ್ರಾಂತಿಯನ್ನು ಕೊಟ್ಟು ಹೊಸದಕ್ಕೆ ನಕಲು ಮಾಡಿರಿ. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಲಾಗದು. ಈ ಕೆಲಸಕ್ಕೆ ವರ್ಷದಲ್ಲಿ ಅರ್ಧ ದಿನ ಸಾಕು.